ಶಬ್ದದ ಕಾವು, ಎಲುಬಿನ ನೋವು ಮತ್ತು ನಮ್ಮ ಅರ್ಜಿಯ ಒಂಬತ್ತನೆಯ ಕಾಲಂ

(ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ನಿಧಿ ಸಮಿತಿಯ ಸಂಚಾಲಕರು ಮಾಡಿದ ಭಾಷಣದ ಬರಹರೂಪ)



ವರ್ಷದ ಜಮಾ-ಖರ್ಚನ್ನು ಖಜಾಂಚಿಯವರು ಆಗಲೇ ಓದಿದ್ದಾರೆ, ಹಾಗಾಗಿ ನಾನು ಅಂಕಿಗಳಿಗೆ ಕೈ ಹಾಕುವುದಿಲ್ಲ. ಇಂದು ನಾನು ಮಾತಾಡಲು ಹೊರಟಿರುವುದು ಒಂದು ಚಿಕಿತ್ಸೆಯ ಬಗ್ಗೆ. ಬಿ.ಕಾಂ. ಓದಿ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ, ಅದರಲ್ಲೂ ಹೆಚ್ಚು ಕಾಲ ಸಾಲದ ವಿಭಾಗದಲ್ಲಿ ಕಳೆದವನಿಗೆ ಇದೇಕೆ ಎಂದು ನೀವು ಕೇಳಬಹುದು. ಒಂದೂವರೆ ವರ್ಷದಲ್ಲಿ ಈ ಒಂದೇ ಚಿಕಿತ್ಸೆಯ ಹೆಸರು ಬರೆದ ಮೂರು ಅರ್ಜಿಗಳು ನಮ್ಮ ಸಮಿತಿಯ ಮುಂದೆ ಬಂದವು. ಒಂದೊಂದಕ್ಕೂ ಒಂದೊಂದು ಉತ್ತರ ಕೊಡಬೇಕಾಯಿತು. ಆ ಉತ್ತರಗಳಿಗೆ ನಿಮ್ಮ ಹಣವೇ ಆಧಾರವಾದ್ದರಿಂದ, ಅದರ ಲೆಕ್ಕ ಕೇಳುವ ಹಕ್ಕು ನಿಮಗಿದೆ. ನಾನು ಹೇಳುವ ವೈದ್ಯಕೀಯ ಸಂಗತಿಗಳನ್ನು ನಮ್ಮ ಸಲಹಾ ವೈದ್ಯರು ಮೊದಲೇ ನೋಡಿ ಒಪ್ಪಿದ್ದಾರೆ.

ಚಿಕಿತ್ಸೆಯ ಹೆಸರು ಫೋಕಸ್ಡ್ ಅಲ್ಟ್ರಾಸೌಂಡ್. ಕನ್ನಡದಲ್ಲಿ ಹೇಳುವುದಾದರೆ ಒಂದು ಬಿಂದುವಿನಲ್ಲಿ ಕೂಡಿಸಿದ ಶ್ರವಣಾತೀತ ಧ್ವನಿ. ಕೆಲವು ಆಸ್ಪತ್ರೆಯವರು ಇದನ್ನೇ ಹೈಫು ಎನ್ನುತ್ತಾರೆ. ಈ ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಮುಂಬೈಯ ಬ್ಯೂಟಿ ಕ್ಲಿನಿಕ್ಕುಗಳಲ್ಲಿ ಮುಖದ ಸುಕ್ಕು ಬಿಗಿ ಮಾಡಲು ಬಳಸುವ ಯಂತ್ರಕ್ಕೂ ಹೈಫು ಎಂದೇ ಹೆಸರು. ಫಿಸಿಯೋಥೆರಪಿಯವರು ಜೆಲ್ ಹಚ್ಚಿ ಹೆಗಲಿನ ಮೇಲೆ ತಿರುಗಿಸುವುದೂ ಅಲ್ಟ್ರಾಸೌಂಡೇ, ಬಸುರಿಯರ ಹೊಟ್ಟೆ ನೋಡುವುದೂ ಅಲ್ಟ್ರಾಸೌಂಡೇ. ನಾನು ಹೇಳುತ್ತಿರುವುದು ಇವು ಯಾವುದೂ ಅಲ್ಲ.

ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಅಂಗೈ ಮೇಲೆ ಬಿದ್ದ ಬಿಸಿಲು ಅಂಗೈಯನ್ನು ಸುಡುವುದಿಲ್ಲ, ಆದರೆ ಅದೇ ಬಿಸಿಲು ಒಂದು ಚುಕ್ಕೆಯಲ್ಲಿ ಕೂಡಿದರೆ ಹೊಗೆ ಏಳುತ್ತದೆ. ಇಲ್ಲಿ ಬೆಳಕಿನ ಬದಲು ಧ್ವನಿ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನಗಳವರೆಗೆ ಮಾತ್ರ. ಈ ಯಂತ್ರದ ಧ್ವನಿ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ಕಂಪಿಸುತ್ತದೆ. ನೂರಾರು ಸಣ್ಣ ಮೂಲಗಳಿಂದ ಹೊರಟ ಅಲೆಗಳು ಚರ್ಮವನ್ನೂ ಮಾಂಸವನ್ನೂ ದಾಟಿ ಒಳಗೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂಡುತ್ತವೆ. ಆ ಜಾಗ ಮಾತ್ರ 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಅಲ್ಲಿಯ ಜೀವಕೋಶಗಳು ಸಾಯುತ್ತವೆ. ಕತ್ತಿಯಿಲ್ಲ, ಸೂಜಿಯಿಲ್ಲ, ವಿಕಿರಣವೂ ಇಲ್ಲ. ಕೇಳಲು ಚೆನ್ನಾಗಿದೆ. ಜಾಹೀರಾತಿನವರಿಗೆ ಇಷ್ಟೇ ಸಾಕು.

ಆದರೆ ನಿಜವಾದ ಕಷ್ಟ ಇದ್ದದ್ದು ಕಾವು ಎಲ್ಲಿ ಬೀಳುತ್ತಿದೆ ಎಂದು ನೋಡುವುದರಲ್ಲಿ. ಧ್ವನಿಗೆ ಈ ಶಕ್ತಿಯಿದೆ ಎಂಬುದು ಹೊಸ ವಿಷಯವಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರಿನಲ್ಲಿ ಇಂಥ ಧ್ವನಿ ಬಿಟ್ಟಾಗ ಸಣ್ಣ ಮೀನುಗಳು ಸಾಯುವುದನ್ನೂ, ನೀರಿನಲ್ಲಿಟ್ಟ ಕೈ ನೋಯುವುದನ್ನೂ ಗಮನಿಸಿದರು. 1950ರ ದಶಕದಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಫ್ರೈ ಸಹೋದರರು ಇದನ್ನು ಮೆದುಳಿನ ಚಿಕಿತ್ಸೆಗೆ ತಂದರು. ಆದರೆ ಒಳಗಿನ ಕಾವನ್ನು ಹೊರಗಿನಿಂದ ಕಾಣುವ ದಾರಿ ಇರಲಿಲ್ಲ. ಆ ಕಣ್ಣು ಸಿಕ್ಕಿದ್ದು 1990ರ ದಶಕದಲ್ಲಿ, ಬೋಸ್ಟನ್ನಿನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ. ಫೆರೆಂಕ್ ಯೋಲೆಸ್ ಮತ್ತು ಕುಲ್ಲೆರ್ವೊ ಹ್ಯುನಿನೆನ್ ಎಂಬಿಬ್ಬರು ಈ ಧ್ವನಿಯಂತ್ರವನ್ನು ಎಂಆರ್‌ಐ ಜೊತೆ ಸೇರಿಸಿದರು. ಎಂಆರ್‌ಐ ಒಳಗಿನ ಚಿತ್ರ ತೋರಿಸುವುದಷ್ಟೇ ಅಲ್ಲ, ಕೆಲವೇ ಸೆಕೆಂಡಿಗೊಮ್ಮೆ ಒಳಗಿನ ಕಾವನ್ನೂ ಅಳೆದು ಕೊಡುತ್ತದೆ. ವೈದ್ಯರು ಮೊದಲು ಕಡಿಮೆ ಶಕ್ತಿಯಲ್ಲಿ ಒಂದು ಗುರಿ ಹೊಡೆದು, ಕಾವು ತಾವು ಅಂದುಕೊಂಡ ಜಾಗದಲ್ಲೇ ಏಳುತ್ತಿದೆಯೇ ಎಂದು ನೋಡಿ, ಆಮೇಲೆ ಪೂರ್ತಿ ಶಕ್ತಿ ಕೊಡುತ್ತಾರೆ. ಚೀನಾದ ಚೊಂಗ್‌ಚಿಂಗ್‌ನಲ್ಲಿ ತಯಾರಾಗುವ ಯಂತ್ರಗಳು ಎಂಆರ್‌ಐ ಬದಲು ಅಲ್ಟ್ರಾಸೌಂಡ್ ಚಿತ್ರವನ್ನೇ ನೋಡಿಕೊಂಡು ಇದೇ ಕೆಲಸ ಮಾಡುತ್ತವೆ.

ಈಗ ಎಲುಬಿಗೆ ಬರೋಣ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡಗಳ ಕ್ಯಾನ್ಸರ್ ಮುಂದುವರಿದಾಗ ಎಲುಬಿಗೆ ಹಬ್ಬುವುದು ಸಾಮಾನ್ಯ. ಆ ನೋವು ಅನುಭವಿಸಿದವರಿಗೇ ಗೊತ್ತು. ರಾತ್ರಿ ಮಗ್ಗುಲು ಬದಲಿಸುವುದೂ ಒಂದು ದೊಡ್ಡ ಕೆಲಸವಾಗುತ್ತದೆ. ಎಲುಬು ಧ್ವನಿಗೆ ಅಡ್ಡ ಬರುವ ವಸ್ತು. ಮಾಂಸಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಅದು ಧ್ವನಿಯನ್ನು ಹೀರಿಕೊಳ್ಳುತ್ತದೆ, ಒಳಕ್ಕೆ ಬಿಡುವುದಿಲ್ಲ. ವೈದ್ಯರು ಈ ಅಡ್ಡಿಯನ್ನೇ ಉಪಯೋಗಕ್ಕೆ ತಂದುಕೊಂಡರು. ಹೀರಿದ ಧ್ವನಿಯೆಲ್ಲ ಎಲುಬಿನ ಮೇಲ್ಮೈಯಲ್ಲಿ ಕಾವಾಗುತ್ತದೆ. ಎಲುಬನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯಲ್ಲೇ ನೋವಿನ ನರಗಳು ಹೆಚ್ಚಾಗಿ ಇರುವುದು. ಆ ಕಾವಿಗೆ ಅವು ಸಾಯುತ್ತವೆ. ಗುಣ ಕಾಣುವವರಿಗೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ.

ಗಮನಿಸಿ, ನಾನು ನೋವು ಇಳಿಯುತ್ತದೆ ಎಂದೆ. ಕ್ಯಾನ್ಸರ್ ಹೋಗುತ್ತದೆ ಎನ್ನಲಿಲ್ಲ. ಈ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಒಪ್ಪಿಗೆ ಕೊಟ್ಟಿದ್ದು ಎಲುಬಿಗೆ ಹಬ್ಬಿದ ಕ್ಯಾನ್ಸರಿನ ನೋವಿನ ಶಮನಕ್ಕೆ, ಅದೂ ವಿಕಿರಣ ಚಿಕಿತ್ಸೆ ಫಲಿಸದವರಿಗೆ ಅಥವಾ ಅದನ್ನು ಕೊಡಲಾಗದವರಿಗೆ. 2014ರಲ್ಲಿ ಪ್ರಕಟವಾದ ಮುಖ್ಯ ಅಧ್ಯಯನದಲ್ಲಿ 147 ರೋಗಿಗಳಿದ್ದರು. 112 ಜನರಿಗೆ ನಿಜವಾದ ಚಿಕಿತ್ಸೆ, 35 ಜನರಿಗೆ ಯಂತ್ರದಲ್ಲಿ ಮಲಗಿಸಿಯೂ ಧ್ವನಿಯ ಶಕ್ತಿ ಕೊಡದ ಹುಸಿ ಚಿಕಿತ್ಸೆ. ಮೂರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ. 64.3 ಜನರಿಗೆ ಗುಣ ಕಂಡಿತ್ತು, ಎರಡನೆಯ ಗುಂಪಿನಲ್ಲಿ ಶೇ. 20 ಜನರಿಗೆ. ಈ ಇಪ್ಪತ್ತು ನನ್ನಂಥ ಲೆಕ್ಕದವನಿಗೆ ಬಹಳ ಮುಖ್ಯವಾದ ಅಂಕಿ. ಏನೂ ಕೊಡದೆಯೂ ಐದರಲ್ಲಿ ಒಬ್ಬರು 'ನನಗೆ ಹಗುರಾಯಿತು' ಎನ್ನುತ್ತಾರೆ. ಆದ್ದರಿಂದ ಯಾರೋ ಒಬ್ಬರು ವಾಟ್ಸಾಪಿನಲ್ಲಿ ಹೇಳಿದ ಅನುಭವದ ಮೇಲೆ ನಿಧಿಯ ಚೆಕ್ ಬರೆಯಲಾಗುವುದಿಲ್ಲ.

ತೊಂದರೆಗಳೂ ಇದ್ದವು. ಸುಮಾರು ಮೂರರಲ್ಲಿ ಒಬ್ಬರಿಗೆ ಧ್ವನಿ ಬೀಳುವಾಗಲೇ ನೋವಾಯಿತು. ಇಬ್ಬರಿಗೆ ಎಲುಬು ಮುರಿಯಿತು, ಒಬ್ಬರಿಗೆ ಚರ್ಮ ಆಳವಾಗಿ ಸುಟ್ಟಿತು, ಒಬ್ಬರಿಗೆ ನರಕ್ಕೆ ಪೆಟ್ಟಾಯಿತು.

ಆ ಮೂರು ಅರ್ಜಿಗಳ ವಿಷಯ ಹೇಳಿಬಿಡುತ್ತೇನೆ. ಒಂದು ಮೊಣಕಾಲು ಸವೆದ ಹಿರಿಯರದು. ಸವೆದ ಕೀಲಿಗೆ ಇದು ಇಂದು ರೂಢಿಯ ಚಿಕಿತ್ಸೆಯಲ್ಲ ಎಂದು ಸಲಹಾ ವೈದ್ಯರು ಹೇಳಿದರು, ಅವರನ್ನು ಮೂಳೆತಜ್ಞರ ಬಳಿಗೆ ಕಳಿಸಿದೆವು. ಅದು ಅಲ್ಲಿಗೆ ಮುಗಿಯಿತು.

ಎರಡನೆಯದು ಸದಸ್ಯರೊಬ್ಬರ ಮಗಳದು. ಗರ್ಭಕೋಶದಲ್ಲಿ ಫೈಬ್ರಾಯ್ಡ್, ಅಂದರೆ ನಾರುಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ತಿಂಗಳು ತಿಂಗಳೂ ರಕ್ತ ಹೋಗಿ ಮಗು ಬಿಳಿಚಿಕೊಂಡಿತ್ತು. ನನಗೆ ಅವಳು ಮಗುವೇ, ವಯಸ್ಸು ಮೂವತ್ತೊಂಬತ್ತು. ಫೈಬ್ರಾಯ್ಡ್‌ಗೆ ಈ ಚಿಕಿತ್ಸೆ ಕೊಡಲು 2004ರಿಂದಲೇ ಒಪ್ಪಿಗೆ ಇದೆ. ಗಡ್ಡೆಯ ಗಾತ್ರ, ಜಾಗ, ಧ್ವನಿಯ ದಾರಿಯಲ್ಲಿ ಕರುಳು ಅಡ್ಡ ಬರುತ್ತದೆಯೇ ಎಂಬುದನ್ನೆಲ್ಲ ಎಂಆರ್‌ಐಯಲ್ಲಿ ನೋಡಿ, ಸ್ತ್ರೀರೋಗ ತಜ್ಞರು ಸರಿ ಎಂದರು. ಅಲ್ಲಿ ಅಡ್ಡಿ ಬಂದದ್ದು ವಿಮಾ ಕಂಪನಿಯಿಂದ. 'ಪ್ರಾಯೋಗಿಕ ಚಿಕಿತ್ಸೆ' ಎಂದು ಒಂದು ಸಾಲು ಬರೆದು ಕ್ಲೇಮ್ ತಿರಸ್ಕರಿಸಿದರು.

ಇಂಥ ಕಾಗದ ನೋಡಿದರೆ ನನಗೆ ನಿವೃತ್ತಿ ಮರೆತುಹೋಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಸೆಪ್ಟೆಂಬರಿನಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತ್ತು. ಆಧುನಿಕ ಚಿಕಿತ್ಸೆಗಳೆಂದು ಹನ್ನೆರಡನ್ನು ಪಟ್ಟಿ ಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದಿತ್ತು. ಪಟ್ಟಿಯ ಮೊದಲ ಸಾಲಿನಲ್ಲೇ, ಗರ್ಭಕೋಶದ ರಕ್ತನಾಳ ಮುಚ್ಚುವ ಚಿಕಿತ್ಸೆಯ ಜೊತೆಗೆ, ಹೈಫು ಇತ್ತು. ಆ ಪುಟದ ನಕಲು ಲಗತ್ತಿಸಿ ಕುಂದುಕೊರತೆ ಅಧಿಕಾರಿಗೆ ಬರೆದೆವು. ಆರು ವಾರದಲ್ಲಿ ಹಣ ಬಂತು. ಪೂರ್ತಿ ಬರಲಿಲ್ಲ, ಏಕೆಂದರೆ ಇಂಥ ಚಿಕಿತ್ಸೆಗಳಿಗೆ ಕಂಪನಿಗಳು ಒಳಮಿತಿ ಹಾಕಬಹುದು. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಈ ಮಿತಿ ವಿಮಾ ಮೊತ್ತದ ಶೇ. 50. ನಿಧಿಯಿಂದ ನಾವು ಕೊಟ್ಟದ್ದು ಉಳಿದ ಸ್ವಲ್ಪ ಭಾಗ ಮಾತ್ರ. ನಿಮ್ಮ ಮನೆಯ ಪಾಲಿಸಿಯ ಕಾಗದದಲ್ಲಿ ಆ ಒಳಮಿತಿ ಎಷ್ಟಿದೆ ಎಂದು ಇಂದು ರಾತ್ರಿಯೇ ನೋಡಿಕೊಳ್ಳಿ. ಮತ್ತೊಂದು ಮಾತು: ಆ ಸಾಲಿನಲ್ಲಿ ಹೈಫು ಗರ್ಭಕೋಶದ ಚಿಕಿತ್ಸೆಯ ಪಕ್ಕದಲ್ಲೇ ಇದ್ದುದರಿಂದ, ಎಲುಬಿನ ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ ಎಂದು ತಕರಾರು ತೆಗೆಯುವವರು ಇರಬಹುದು. ಯಂತ್ರದ ಮೇಲೆ ಮಲಗುವ ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಬೇಕು.

ಮೂರನೆಯ ಅರ್ಜಿಯೇ ನನ್ನನ್ನು ಈ ಮೈಕಿನ ಮುಂದೆ ನಿಲ್ಲಿಸಿದ್ದು.

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ತಾಯಿ, ಐವತ್ತೆರಡು ವರ್ಷ. ತಮ್ಮ ಡೊಂಬಿವಲಿಯಲ್ಲಿ ಇರುವುದರಿಂದ ಚಿಕಿತ್ಸೆಗೆ ಇಲ್ಲಿಗೆ ಬಂದವರು. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಆಗಿತ್ತು. ಈಗ ಬಲತೊಡೆಯ ಮೇಲ್ಭಾಗದ ಎಲುಬಿಗೆ ಹಬ್ಬಿತ್ತು. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಒಮ್ಮೆ 'ಕರೆಂಟ್' ಕೊಟ್ಟಿದ್ದರು. ನಮ್ಮ ಉತ್ತರ ಕರ್ನಾಟಕದ ಕಡೆ ವಿಕಿರಣ ಚಿಕಿತ್ಸೆಗೆ ಜನ ಹೇಳುವುದು ಹಾಗೆಯೇ. ಕೆಲವು ತಿಂಗಳು ನೋವು ತಗ್ಗಿತ್ತು, ಮತ್ತೆ ಎದ್ದಿತು. ಯಾರೋ ಅವರ ತಮ್ಮನಿಗೆ ಒಂದು ಖಾಸಗಿ ಕೇಂದ್ರದ ವಿಡಿಯೊ ಕಳಿಸಿದರು. ಆಪರೇಷನ್ ಇಲ್ಲದೆ ಗಡ್ಡೆ ಸುಡುತ್ತೇವೆ ಎಂದು ಅದರಲ್ಲಿತ್ತು. ಆ ಕೇಂದ್ರದವರು ಹಳೆಯ ಎಂಆರ್‌ಐ ಬಿಚ್ಚಿ ನೋಡುವ ಮೊದಲೇ ಮುಂಗಡ ಕೇಳಿದ್ದರು. ತಮ್ಮ ಹೆಂಡತಿಯ ಬಳೆ ಅಡವಿಡಲು ಹೊರಟಿದ್ದ. ಸಂಘದಲ್ಲೊಮ್ಮೆ ಕೇಳು ಎಂದು ನೆರೆಮನೆಯವರು ಹೇಳಿದ್ದರಿಂದ ನಮ್ಮ ಬಳಿ ಬಂದ.

ನಮ್ಮ ಅರ್ಜಿ ನಮೂನೆ ನಿಮಗೆ ಗೊತ್ತು. ಅದರ ಒಂಬತ್ತನೆಯ ಕಾಲಂ: 'ರೋಗಿಯು ಪೂರ್ಣ ಗುಣಮುಖರಾಗುವ ಸಾಧ್ಯತೆ: ಇದೆ / ಇಲ್ಲ.' ತಮ್ಮ ಪ್ರಾಮಾಣಿಕ ಮನುಷ್ಯ, 'ಇಲ್ಲ' ಎಂದು ಗುರುತು ಹಾಕಿದ್ದ. ನಿಯಮದ ಪ್ರಕಾರ ಅಂಥ ಅರ್ಜಿ ಸಾಲಿನ ಕೊನೆಗೆ ಹೋಗುತ್ತದೆ. ಕೊನೆ ಎಂದರೆ ವರ್ಷಾಂತ್ಯ, ಹಣ ಉಳಿದಿದ್ದರೆ. ಸಮಿತಿಯಲ್ಲಿ ಒಬ್ಬ ಹಿರಿಯರು, ನಾನು ಗೌರವಿಸುವವರೇ, ಹೇಳಿದರು: 'ಬದುಕುವ ಮಕ್ಕಳ ಅರ್ಜಿಗಳೇ ಕೂತಿವೆ. ದಾನಿಗಳಿಗೆ ಏನು ಹೇಳೋಣ?' ಇದು ಕಟುಕ ಮಾತಲ್ಲ. ಹಣ ಸೀಮಿತವಾಗಿದ್ದಾಗ ಯಾರಾದರೂ ಕೇಳಲೇಬೇಕಾದ ಪ್ರಶ್ನೆ.

ನಾನು ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಗೋಡೆಯ ಪಕ್ಕ ಆ ತಾಯಿ ಮಲಗಿದ್ದರು. ಮಾತಾಡಿಸಿದಾಗ ಹೇಳಿದರು: 'ಸಾಯೂದಕ್ಕ ನನಗ ಹೆದರಿಕಿ ಇಲ್ರೀ ಸಾಹೇಬ್ರ. ಸಂಡಾಸಕ್ಕ ಹೋಗಾಕ ತಮ್ಮನ ಹೆಂಡ್ತಿ ಎತ್ತಿ ಕೂಡ್ರಸಬೇಕ್ರಿ. ಈ ಬ್ಯಾನಿ ಅಷ್ಟ ಕಡಿಮಿ ಆದ್ರ ಸಾಕ್ರಿ.' ಬ್ಯಾಂಕಿನಲ್ಲಿ ನಾವು ಸಾಲ ಕೊಡುವ ಮೊದಲು ಕೇಳುತ್ತಿದ್ದದ್ದು ಮರುಪಾವತಿಯ ಸಾಮರ್ಥ್ಯ. ನಮ್ಮ ಒಂಬತ್ತನೆಯ ಕಾಲಂ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಿದೆ ಎಂದು ನನಗೆ ಅನ್ನಿಸಿತು. ಸಾಲಕ್ಕೆ ಅದು ಸರಿ. ನೆರವಿಗೆ ಅಲ್ಲ.

ನಂತರ ಆದದ್ದನ್ನು ಸಮಿತಿಯ ದಾಖಲೆಯಲ್ಲಿರುವಂತೆ ಹೇಳುತ್ತೇನೆ. ನಾವು ಮುಂಗಡ ಕೊಡಲಿಲ್ಲ. ಅವರು ಮೊದಲು ಚಿಕಿತ್ಸೆ ಪಡೆದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯಕ್ಕೆ ಟ್ಯಾಕ್ಸಿ ಮತ್ತು ಹೊಸ ಸ್ಕ್ಯಾನಿನ ಖರ್ಚು ಕೊಟ್ಟೆವು. ಅಲ್ಲಿಯ ವೈದ್ಯರು ಸ್ಪಷ್ಟವಾಗಿ ಹೇಳಿದರು: ಮೈಭಾರ ಹೊರುವ ಈ ಎಲುಬು ಒಳಗೇ ತಿಂದುಹೋಗಿ ಮುರಿಯುವ ಹಂತದಲ್ಲಿದೆ. ಇಲ್ಲಿ ಧ್ವನಿಯ ಕಾವು ಕೊಟ್ಟರೆ ನೋವಿನ ನರ ಸತ್ತರೂ ಎಲುಬು ಗಟ್ಟಿಯಾಗುವುದಿಲ್ಲ, ಹೆಜ್ಜೆ ಇಟ್ಟಾಗ ಮುರಿದೀತು. ಬೇಕಾದದ್ದು ಒಳಗೆ ಒಂದು ರಾಡ್, ಆಮೇಲೆ ಇನ್ನೊಮ್ಮೆ ಅಳತೆಯ ವಿಕಿರಣ. ಹಾಗೆಯೇ ಮಾಡಿದರು. ಜೊತೆಗೆ ಮಾರ್ಫಿನ್ ಮಾತ್ರೆ ಶುರು ಮಾಡಿದರು. ಆ ತಾಯಿ ವಾಕರ್ ಹಿಡಿದು ತಾವೇ ಸಂಡಾಸಕ್ಕೆ ಹೋಗುವಷ್ಟಾದರು. ಹನ್ನೊಂದು ತಿಂಗಳು ಬದುಕಿದರು. ದೀಪಾವಳಿಗೆ ಊರಿಗೆ ಹೋಗಿ ಮೊಮ್ಮಗನನ್ನು ಎತ್ತಿಕೊಂಡ ಫೋಟೊ ತಮ್ಮ ನನಗೆ ಕಳಿಸಿದ್ದಾನೆ.

ಹಾಗಾದರೆ ಆ ಯಂತ್ರ ಸುಳ್ಳೇ ಎಂದರೆ, ಅಲ್ಲ. ಗಡ್ಡೆ ಸೊಂಟದ ಚಪ್ಪಟೆ ಎಲುಬಿನಲ್ಲೋ ಪಕ್ಕೆಲುಬಿನಲ್ಲೋ ಇದ್ದು, ಧ್ವನಿ ತಲುಪುವ ದಾರಿ ಇದ್ದು, ಮುರಿಯುವ ಭಯವಿಲ್ಲದೆ, ಕೊಡಬಹುದಾದ ವಿಕಿರಣವೆಲ್ಲ ಕೊಟ್ಟಾದ ಮೇಲೂ ನೋವು ನಿಲ್ಲದಿದ್ದರೆ, ಅದು ತಕ್ಕ ಚಿಕಿತ್ಸೆಯೇ. ಬೆನ್ನುಹುರಿಗೆ ತೀರ ಹತ್ತಿರವಿದ್ದರೆ ಆಗದು. ಎಂಆರ್‌ಐಗೆ ಹೊಂದದ ಪೇಸ್‌ಮೇಕರ್ ಇದ್ದವರಿಗೂ ಆಗದು. ಚರ್ಮದ ಮೇಲೆ ಧ್ವನಿಯ ದಾರಿಯಲ್ಲಿ ದೊಡ್ಡ ಗಾಯದ ಕಲೆ ಇದ್ದರೆ ಅದು ಕಾದು ಸುಡಬಹುದು. ಎಳೆಯ ಹುಡುಗರಲ್ಲಿ ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಒಂದು ಪುಟ್ಟ ಗಡ್ಡೆ ಬರುತ್ತದೆ, ಕ್ಯಾನ್ಸರ್ ಅಲ್ಲದ್ದು. ರಾತ್ರಿ ಹೊತ್ತು ಎಲುಬು ನೋಯುತ್ತದೆ, ಆಸ್ಪಿರಿನ್ ಜಾತಿಯ ಮಾತ್ರೆಗೆ ಥಟ್ಟನೆ ತಗ್ಗುತ್ತದೆ. ಮನೆಯವರು ಬೆಳೆಯುವ ವಯಸ್ಸಿನ ನೋವು ಎಂದು ಸುಮ್ಮನಾಗುವುದುಂಟು. ಅದಕ್ಕೆ ಸಾಮಾನ್ಯವಾಗಿ ಸಿ.ಟಿ. ನೋಡಿಕೊಂಡು ಸೂಜಿ ಹಾಕಿ ಸುಡುತ್ತಾರೆ. ಸೂಜಿಯಿಲ್ಲದ ಈ ಧ್ವನಿ ಚಿಕಿತ್ಸೆಗೂ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅಲ್ಲಿ ಇದು ನೋವಿನ ಮೂಲವನ್ನೇ ತೆಗೆಯುತ್ತದೆ. ಒಂದೇ ಯಂತ್ರ ಒಬ್ಬರಿಗೆ ಪೂರ್ಣ ಗುಣ, ಇನ್ನೊಬ್ಬರಿಗೆ ನೋವಿನ ಶಮನ, ಮತ್ತೊಬ್ಬರಿಗೆ ಅಪಾಯ. ಹೆಸರು ನೋಡಿ ಮಂಜೂರು ಮಾಡುವಂತಿಲ್ಲ, ಹೆಸರು ನೋಡಿ ತಿರಸ್ಕರಿಸುವಂತೆಯೂ ಇಲ್ಲ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಎಲುಬಿನ ನೋವಿಗೆ ಇಂದಿಗೂ ಮೊದಲ ಚಿಕಿತ್ಸೆ ವಿಕಿರಣವೇ. ಅನೇಕರಿಗೆ ಒಂದೇ ದಿನ, ಒಂದೇ ಸಲ ಕೊಡುವ 8 ಗ್ರೇ ಅಳತೆ, ಹಲವು ದಿನ ಹಂಚಿ ಕೊಟ್ಟಷ್ಟೇ ನೋವು ಇಳಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮತ್ತೊಮ್ಮೆ ಕೊಡಬೇಕಾಗುವುದು ಸ್ವಲ್ಪ ಹೆಚ್ಚು, ಅಷ್ಟೇ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಆಸುಪಾಸಿನಲ್ಲಿ ಚಾಪೆ ಹಾಸಿಕೊಂಡು ಕೂತ ನಮ್ಮ ಜನಕ್ಕೆ ಹತ್ತು ದಿನದ ಬದಲು ಒಂದು ದಿನ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಮಾರ್ಫಿನ್ ಮಾತ್ರೆಯೂ ಅಗ್ಗ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಆದರೂ ಊರುಗಳಲ್ಲಿ ಅದು ಎಲ್ಲರಿಗೂ ಸಿಗುವುದಿಲ್ಲ. 'ಅದು ಅಫೀಮು, ಚಟ ಹತ್ತುತ್ತದೆ' ಎಂದು ಮನೆಯವರೇ ಬೇಡ ಎನ್ನುವುದೂ ಉಂಟು. ನಿಮ್ಮ ಬಂಧುಗಳಲ್ಲಿ ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ನೋವು ಶಮನದ ವೈದ್ಯರ ಬಳಿ ಕರೆದುಕೊಂಡು ಹೋಗಿ. ದೊಡ್ಡ ಯಂತ್ರದ ಮಾತು ಇವೆಲ್ಲದರ ನಂತರ.

ಇನ್ನು ನಿಮ್ಮ ಮುಂದಿಡುವ ನಿರ್ಣಯ. ಕರಡು ನಿಮ್ಮ ಕುರ್ಚಿಯ ಮೇಲಿದೆ. ಒಂಬತ್ತನೆಯ ಕಾಲಂ ತೆಗೆದುಹಾಕಿ ಅದರ ಜಾಗದಲ್ಲಿ ಹೀಗೆ ಬರೆಯಬೇಕೆಂದು ಸಮಿತಿ ಕೋರುತ್ತದೆ: 'ಈ ಚಿಕಿತ್ಸೆಯಿಂದ ರೋಗಿಗೆ ಆಗುವ ಪ್ರಯೋಜನವೇನು? ಚಿಕಿತ್ಸೆ ನೀಡುವ ವೈದ್ಯರ ಮಾತಿನಲ್ಲಿ.' ನೋವಿನ ಶಮನ ಎಂದು ವೈದ್ಯರು ಬರೆದರೆ, ಆ ಅರ್ಜಿ ಉಳಿದ ಅರ್ಜಿಗಳ ಜೊತೆಯಲ್ಲೇ, ಬಂದ ದಿನಾಂಕದ ಕ್ರಮದಲ್ಲಿ ಪರಿಗಣನೆಗೆ ಬರುತ್ತದೆ. ಜೊತೆಗೆ, ಎರಡನೆಯ ಅಭಿಪ್ರಾಯದ ಓಡಾಟ ಮತ್ತು ಸ್ಕ್ಯಾನಿಗೆ ಪ್ರತ್ಯೇಕವಾಗಿ ಒಂದು ಸಣ್ಣ ಮೊತ್ತವನ್ನು ನಿಧಿಯಲ್ಲಿ ತೆಗೆದಿಡಬೇಕು. ಮುಂಗಡ ಕೇಳುವ ಯಾವ ಕೇಂದ್ರಕ್ಕೂ ರೋಗಿಯ ಕೈಯಲ್ಲಿ ನಗದು ಕೊಡುವುದಿಲ್ಲ. ವೈದ್ಯರ ಲಿಖಿತ ಸಲಹೆ ಬಂದ ಮೇಲೆ ಆಸ್ಪತ್ರೆಯ ಖಾತೆಗೇ ಹಣ ಹೋಗುತ್ತದೆ.

ಆ ಹಿರಿಯರ ಪ್ರಶ್ನೆ ಹಾಗೇ ಉಳಿದಿದೆ: ದಾನಿಗಳಿಗೆ ಏನು ಹೇಳೋಣ? ನನಗೆ ತೋಚಿದ್ದು ಇಷ್ಟೇ, ನೇರವಾಗಿ ನಿಮ್ಮನ್ನೇ ಕೇಳಿಬಿಡುವುದು. ನಿಮ್ಮ ಹಣದ ಒಂದು ಪಾಲು ಬದುಕಿ ಉಳಿಯದವರ ನೋವಿಗೆ ಹೋಗುತ್ತದೆ. ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಒಪ್ಪದವರು ನಿಮ್ಮ ದೇಣಿಗೆಯ ಚೀಟಿಯ ಮೇಲೆ 'ಮಕ್ಕಳ ಚಿಕಿತ್ಸೆಗೆ ಮಾತ್ರ' ಎಂದು ಬರೆಯಬಹುದು, ಅದನ್ನು ಅಕ್ಷರಶಃ ಪಾಲಿಸುತ್ತೇವೆ. ಒಪ್ಪುವವರು ಏನೂ ಬರೆಯಬೇಕಿಲ್ಲ.

ಕೈ ಎತ್ತುವ ಮೊದಲು ಪ್ರಶ್ನೆಗಳಿದ್ದರೆ ಕೇಳಿ. ಚಿಕಿತ್ಸೆಯ ಪ್ರಶ್ನೆಗಳಿಗೆ ನಮ್ಮ ಸಲಹಾ ವೈದ್ಯರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ವಿಮೆಯ ಕಾಗದ ತಂದವರು ಚಹಾದ ಹೊತ್ತಿನಲ್ಲಿ ನನಗೆ ತೋರಿಸಿ.